ಬಿಳಿ ಪೆಟ್ಟಿಗೆ, ಕಪ್ಪು ಪೆಟ್ಟಿಗೆ

2012ರ ನವೆಂಬರ್ 18ರಂದು ಅಮೆರಿಕದ ಅಂಗಡಿಗಳಿಗೆ ಹೊಸದೊಂದು ವಿಡಿಯೊ ಗೇಮ್ ಯಂತ್ರ ಬಂತು. ಅದರ ಹೆಸರು ‘ವೀ ಯು’. ಮಾಡಿದವರು ಜಪಾನಿನ ಕ್ಯೋಟೊ ನಗರದ ನಿಂಟೆಂಡೊ ಕಂಪನಿಯವರು. ಕೆಂಪು ಟೊಪ್ಪಿ, ದಪ್ಪ ಮೀಸೆಯ ಮಾರಿಯೊನನ್ನು ಬಲ್ಲ ಮಕ್ಕಳಿಗೆ ಈ ಕಂಪನಿಯ ಪರಿಚಯ ಬೇಕಾಗಿಲ್ಲ. ಅಜ್ಜ ಅಜ್ಜಿಯರಿಗಾಗಿ ಒಂದು ಮಾತು: ಇಂಥ ಯಂತ್ರಕ್ಕೆ ಕನ್ಸೋಲ್ ಎನ್ನುತ್ತಾರೆ. ಟಿ.ವಿ.ಗೆ ವೈರು ಸಿಕ್ಕಿಸಿ, ಗುಂಡಿಗಳಿರುವ ಕಂಟ್ರೋಲರನ್ನು ಕೈಯಲ್ಲಿ ಹಿಡಿದು ಆಡುವ, ಆಟಕ್ಕೆಂದೇ ಮೀಸಲಾದ ಕಂಪ್ಯೂಟರ್ ಅದು.

ಈ ವೀ ಯು ಅಂಗಡಿಗೆ ಬಂದದ್ದು ಎರಡು ಬಗೆಯ ಪೆಟ್ಟಿಗೆಗಳಲ್ಲಿ. ಬಿಳಿ ಯಂತ್ರವಿದ್ದ ಪೆಟ್ಟಿಗೆಯ ಹೆಸರು ‘ಬೇಸಿಕ್’, ಬೆಲೆ 300 ಡಾಲರ್. ಕಪ್ಪು ಯಂತ್ರದ್ದು 350 ಡಾಲರ್. ಇದನ್ನು ಅಮೆರಿಕದಲ್ಲಿ ‘ಡೀಲಕ್ಸ್’ ಎಂದರು, ಯುರೋಪಿನಲ್ಲೂ ಜಪಾನಿನಲ್ಲೂ ‘ಪ್ರೀಮಿಯಂ’ ಎಂದರು. (ಚೀಟಿಯ ಮೇಲೆ ಇದ್ದದ್ದು 299.99 ಮತ್ತು 349.99. ನಮ್ಮ ಬಾಟಾ ಚಪ್ಪಲಿಯ ಬೆಲೆಯ ಹಾಗೆ. ಆ ಒಂದು ಸೆಂಟನ್ನು ನಾವು ಬಿಟ್ಟುಬಿಡೋಣ.)

ಎರಡೂ ಪೆಟ್ಟಿಗೆಗಳ ಒಳಗಿದ್ದ ಯಂತ್ರದ ಮಿದುಳು ಒಂದೇ. ಟಿ.ವಿ. ಮೇಲೆ ಕಾಣುವ ಚಿತ್ರ ಒಂದೇ. ಪುಟ್ಟ ಪರದೆಯುಳ್ಳ ದೊಡ್ಡ ಕಂಟ್ರೋಲರ್ ‘ಗೇಮ್‌ಪ್ಯಾಡ್’ ಕೂಡ ಎರಡರಲ್ಲೂ ಇತ್ತು. ಹಾಗಾದರೆ 50 ಡಾಲರ್ ಹೆಚ್ಚಿಗೆ ಯಾಕೆ? ಕಪ್ಪು ಪೆಟ್ಟಿಗೆಯಲ್ಲಿ ಗೇಮ್‌ಪ್ಯಾಡನ್ನು ಚಾರ್ಜಿಗೆ ಇಡುವ ತೊಟ್ಟಿಲು, ಅದನ್ನು ನಿಲ್ಲಿಸುವ ಸ್ಟ್ಯಾಂಡು, ಯಂತ್ರವನ್ನು ನೆಟ್ಟಗೆ ಕೂರಿಸುವ ಅಡಿಗಾಲು, ಟಿ.ವಿ. ಬಳಿ ಇಡುವ ಸೆನ್ಸರ್ ಪಟ್ಟಿ ಇವೆಲ್ಲ ಇದ್ದವು. ಜೊತೆಗೆ, ಅಮೆರಿಕದ ಪೆಟ್ಟಿಗೆಯಲ್ಲಿ ‘ನಿಂಟೆಂಡೊ ಲ್ಯಾಂಡ್’ ಎಂಬ ಆಟದ ಡಿಸ್ಕೂ ಇತ್ತು. ಬಿಳಿ ಪೆಟ್ಟಿಗೆಯಲ್ಲಿ ಯಂತ್ರ ಇತ್ತು, ಗೇಮ್‌ಪ್ಯಾಡ್ ಇತ್ತು, ವೈರುಗಳಿದ್ದವು. ಆಟ ಇರಲಿಲ್ಲ.

ಮಕ್ಕಳೇ, ಈಗ ಒಂದು ಲೆಕ್ಕ. ಅದೇ ನಿಂಟೆಂಡೊ ಲ್ಯಾಂಡ್ ಆಟವನ್ನು ಅಂಗಡಿಯಲ್ಲಿ ಬಿಡಿಯಾಗಿ ಕೊಂಡರೆ 60 ಡಾಲರ್. ಎರಡು ಪೆಟ್ಟಿಗೆಗಳ ನಡುವಿನ ವ್ಯತ್ಯಾಸ 50. ಅಂದರೆ ಬಿಳಿ ಪೆಟ್ಟಿಗೆ ಒಯ್ದು, ಆಮೇಲೆ ಆ ಒಂದು ಆಟ ಕೊಂಡವರ ಮನೆಯಲ್ಲಿ 360 ಡಾಲರ್ ಖರ್ಚಾಯಿತು. ಕಪ್ಪು ಪೆಟ್ಟಿಗೆ ಒಯ್ದವರಿಗೆ 350ಕ್ಕೆ ಆಟವೂ ಬಂತು, ತೊಟ್ಟಿಲು, ಸ್ಟ್ಯಾಂಡು, ಪಟ್ಟಿ ಎಲ್ಲವೂ ಬಂದವು. ಅಗ್ಗದ್ದೇ ದುಬಾರಿಯಾಯಿತು!

ಇಷ್ಟಕ್ಕೇ ಮುಗಿಯಲಿಲ್ಲ. ಕಣ್ಣಿಗೆ ಕಾಣದ ವ್ಯತ್ಯಾಸ ಇನ್ನೊಂದಿತ್ತು. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಆಟಗಳು, ಆಟಕ್ಕೆ ಆಗಾಗ ಬರುವ ಹೊಸ ಸೇರ್ಪಡೆಗಳು, ನಾವು ಎಲ್ಲಿಯವರೆಗೆ ಆಡಿದ್ದೇವೆ ಎಂಬ ಗುರುತು, ಇವನ್ನೆಲ್ಲ ಯಂತ್ರ ತನ್ನೊಳಗೆ ಒಂದು ಕಡೆ ಇಟ್ಟುಕೊಳ್ಳಬೇಕು. ಹಳೆಯ ಮನೆಗಳ ಅಟ್ಟ ಇದ್ದ ಹಾಗೆ. ಈ ಅಟ್ಟದ ಅಳತೆ ಗಿಗಾಬೈಟ್. ಬಿಳಿ ಯಂತ್ರಕ್ಕೆ 8 ಗಿಗಾಬೈಟ್, ಕಪ್ಪು ಯಂತ್ರಕ್ಕೆ 32. ಆದರೆ ಯಂತ್ರವನ್ನು ನಡೆಸುವ ಸಾಫ್ಟ್‌ವೇರೇ ಮೊದಲು ಅಟ್ಟ ಹತ್ತಿ ತನ್ನ ಗಂಟುಮೂಟೆ ಇಟ್ಟುಬಿಡುತ್ತದೆ. ಅದರ ನಂತರ ಆಡುವವರಿಗೆ ಉಳಿದದ್ದು ಕಪ್ಪು ಯಂತ್ರದಲ್ಲಿ 25 ಗಿಗಾಬೈಟ್. ಬಿಳಿಯದರಲ್ಲಿ ಬರೀ 3. ನಿಂಟೆಂಡೊ ಲ್ಯಾಂಡನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡರೆ ಅದಕ್ಕೆ ಬೇಕಾದ ಜಾಗ 3.2 ಗಿಗಾಬೈಟ್! ಕಂಪನಿ ತಾನೇ ಮಾಡಿದ ಯಂತ್ರದಲ್ಲಿ ತಾನೇ ಮಾಡಿದ ಆಟ ಹಿಡಿಸುತ್ತಿರಲಿಲ್ಲ. ಬೇರೆ ಹಾರ್ಡ್ ಡಿಸ್ಕ್ ತಂದು ಹೊರಗಿನಿಂದ ಜೋಡಿಸಬಹುದಿತ್ತು, ನಿಜ. ಅದಕ್ಕೆ ಬೇರೆ ದುಡ್ಡು.

ಬಿಳಿ ಪೆಟ್ಟಿಗೆಯಿಂದ ಯಾರಿಗೂ ಲಾಭ ಇರಲಿಲ್ಲವೆಂದಲ್ಲ. ಕಂಪನಿಯ ಹಳೆಯ ಯಂತ್ರದ ಸೆನ್ಸರ್ ಪಟ್ಟಿ ಮನೆಯಲ್ಲಿ ಇದ್ದವರು, ನಿಂಟೆಂಡೊ ಲ್ಯಾಂಡ್ ಬೇಡ, ಮಾರಿಯೊ ಆಟವೇ ಸಾಕು ಎಂದವರು, ಡಿಸ್ಕ್ ತಂದೇ ಆಡುವವರು, ಇಂಥವರಿಗೆ 50 ಡಾಲರ್ ನಿಜಕ್ಕೂ ಉಳಿಯಿತು. ಆದರೆ ಇಷ್ಟೆಲ್ಲ ತಿಳಿದು ಅಂಗಡಿಗೆ ಹೋಗುವವರು ಎಷ್ಟು ಮಂದಿ? ಮೊಮ್ಮಗನ ಹುಟ್ಟುಹಬ್ಬಕ್ಕೆಂದು ದುಡ್ಡು ಎಣಿಸಿಕೊಂಡು ಹೋದ ತಾತನಿಗೆ ಕಾಣುವುದು ಹೊರಗಿನ ಚೀಟಿ ಮಾತ್ರ.

ನಿಂಟೆಂಡೊದ ವಿಷಯದಲ್ಲಿ ಇದು ಇನ್ನೂ ಆಶ್ಚರ್ಯದ ಸಂಗತಿ. 1889ರಲ್ಲಿ ಹೂವುಗಳ ಚಿತ್ರವಿರುವ ಜಪಾನಿ ಇಸ್ಪೀಟು ಎಲೆಗಳನ್ನು ಮಾಡುತ್ತ ಶುರುವಾದ ಕಂಪನಿ ಇದು. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಆಡುವುದು ಅವರ ಹಳೆಯ ಕಸುಬು. 2006ರಲ್ಲಿ ಅವರು ತಂದ ‘ವೀ’ ಎಂಬ ಯಂತ್ರ ಬಂದದ್ದು ಒಂದೇ ಪೆಟ್ಟಿಗೆಯಲ್ಲಿ, ಒಂದೇ ಬಣ್ಣದಲ್ಲಿ. ಬೆಲೆ 250 ಡಾಲರ್. ಅಮೆರಿಕದಲ್ಲಿ ‘ವೀ ಸ್ಪೋರ್ಟ್ಸ್’ ಎಂಬ ಆಟವೂ ಆ ಪೆಟ್ಟಿಗೆಯೊಳಗೇ ಇತ್ತು. ಕಂಟ್ರೋಲರನ್ನು ಕೈಯಲ್ಲಿ ಹಿಡಿದು ಬೀಸಿದರೆ ಟೆನಿಸ್ ಚೆಂಡು ಹಾರುತ್ತಿತ್ತು, ಬೌಲಿಂಗ್ ಗುಂಡು ಉರುಳುತ್ತಿತ್ತು. ಅಮೆರಿಕದ ವೃದ್ಧಾಶ್ರಮಗಳಲ್ಲಿ ಅಜ್ಜ ಅಜ್ಜಿಯರು ತಂಡ ಕಟ್ಟಿಕೊಂಡು ಈ ಬೌಲಿಂಗ್ ಪಂದ್ಯ ಆಡಿದರು. ಮೊಣಕಾಲು ನೋವು ಇದ್ದವರು ಕುರ್ಚಿಯಲ್ಲಿ ಕೂತೇ ತೋಳು ಬೀಸಬಹುದಿತ್ತಲ್ಲ! ಪೆಟ್ಟಿಗೆ ತೆಗೆ, ಜೋಡಿಸು, ಆಡು. ಯಾವುದು ಕೊಳ್ಳಲಿ ಎಂಬ ಪ್ರಶ್ನೆಯೇ ಇರಲಿಲ್ಲ. ಆ ಯಂತ್ರ ಜಗತ್ತಿನಾದ್ಯಂತ 10 ಕೋಟಿಗೂ ಹೆಚ್ಚು ಮಾರಾಟವಾಯಿತು.

ಇಂಥ ಕಂಪನಿ ಮುಂದಿನ ಸಲ ಎರಡು ಪೆಟ್ಟಿಗೆ ಯಾಕೆ ಮಾಡಿತು? ಒಂದು ಕಾರಣ ಊಹಿಸುವುದು ಸುಲಭ: ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಯಲು ಒಂದು ಚಿಕ್ಕ ಸಂಖ್ಯೆ ಬೇಕು. ‘350’ಕ್ಕಿಂತ ‘300’ ಕಣ್ಣಿಗೆ ಹಗುರ. ಜನ 300 ಎಂದು ನೋಡಿ ಅಂಗಡಿಯೊಳಗೆ ಬರುತ್ತಾರೆ. ಬಂದ ಮೇಲೆ ಎರಡೂ ಪೆಟ್ಟಿಗೆಗಳನ್ನು ಅಕ್ಕಪಕ್ಕ ನೋಡಿ, ಇನ್ನು 50 ಕೊಟ್ಟರೆ ಇಷ್ಟೆಲ್ಲ ಸಿಗುತ್ತದಲ್ಲ ಎಂದು ಕಪ್ಪು ಪೆಟ್ಟಿಗೆಯನ್ನೇ ಎತ್ತಿಕೊಳ್ಳುತ್ತಾರೆ. ಬಿಳಿ ಪೆಟ್ಟಿಗೆಯ ಮುಖ್ಯ ಕೆಲಸ ಮಾರಾಟವಾಗುವುದಲ್ಲ, ಪಕ್ಕದ ಪೆಟ್ಟಿಗೆಯನ್ನು ಚೆನ್ನಾಗಿ ಕಾಣಿಸುವುದು. ಹೆಣ್ಣು ನೋಡುವ ಶಾಸ್ತ್ರದ ದಿನ ಗೆಳತಿಯನ್ನು ಪಕ್ಕದಲ್ಲಿ ಕೂರಿಸುವ ಮುನ್ನ ಹಿಂದಿನವರು ಎರಡು ಸಲ ಯೋಚಿಸುತ್ತಿದ್ದರಂತೆ. ಇಲ್ಲಿ ಬೇಕೆಂದೇ ಕೂರಿಸುತ್ತಾರೆ.

ಹೀಗೆ ದರ್ಜೆ ಮಾಡಿ ಮಾರುವ ಯೋಚನೆ ವಿಡಿಯೊ ಗೇಮಿಗಿಂತ ಬಹಳ ಹಳೆಯದು. ಫ್ರಾನ್ಸಿನಲ್ಲಿ ಜೂಲ್ ಡುಪ್ವಿ ಎಂಬ ಎಂಜಿನಿಯರ್ ಇದ್ದರು. ಆ ಕಾಲದಲ್ಲಿ ಅಲ್ಲಿನ ಕೆಲವು ಮೂರನೇ ದರ್ಜೆಯ ರೈಲು ಡಬ್ಬಿಗಳಿಗೆ ಮಾಡೇ ಇರುತ್ತಿರಲಿಲ್ಲ. ಮಳೆ ಬಂದರೆ ನೆನೆಯಬೇಕು, ಬಿಸಿಲು ಬಂದರೆ ಒಣಗಬೇಕು. ಮಾಡು ಹಾಕಿಸಲು ಕಂಪನಿಗೆ ದುಡ್ಡಿಲ್ಲವೆಂದಲ್ಲ, ಬಡವರನ್ನು ಕಂಡರೆ ಆಗದೆಂದೂ ಅಲ್ಲ ಎಂದು ಡುಪ್ವಿ 1849ರಲ್ಲಿ ವಿವರಿಸಿದರು. ಮೂರನೇ ದರ್ಜೆ ಹಿತವಾಗಿದ್ದರೆ, ಎರಡನೇ ದರ್ಜೆಗೆ ದುಡ್ಡು ಕೊಡಬಲ್ಲವರೂ ಅಲ್ಲಿಗೇ ಬಂದು ಕೂತುಬಿಡುತ್ತಾರೆ. ಅವರನ್ನು ಹೆದರಿಸಲಿಕ್ಕಾಗಿ ಬಡವರು ನೆನೆಯಬೇಕಾಯಿತು.

ನಮ್ಮ ಹಿರಿಯರಿಗೆ ಮೂರನೇ ದರ್ಜೆಯ ನೆನಪು ಚೆನ್ನಾಗಿಯೇ ಇದ್ದೀತು. ಭಾರತದಲ್ಲಿ ಆ ಹೆಸರು 1974ರಲ್ಲಿ ಹೋಯಿತು. ಡಬ್ಬಿಯ ಹೊರಗೆ ಎರಡನೇ ದರ್ಜೆ ಎಂದು ಬರೆದರೂ ಒಳಗಿನ ಮರದ ಹಲಗೆ ಹಾಗೇ ಇತ್ತು. ರಾತ್ರಿಯೆಲ್ಲ ಮಲಗಿ ಎದ್ದರೆ ಬೆನ್ನ ಮೇಲೆ ಪಟ್ಟಿಗಳ ಅಚ್ಚು. 1977ರಿಂದ 1979ರವರೆಗೆ ರೈಲ್ವೆ ಮಂತ್ರಿಯಾಗಿದ್ದ ಮಧು ದಂಡವತೆಯವರು ಆ ಹಲಗೆಗಳಿಗೆ ಎರಡು ಅಂಗುಲದ ಫೋಮ್ ಮೆತ್ತೆ ಹಾಕಿಸಲು ಶುರು ಮಾಡಿದರು. ಡುಪ್ವಿ ವಿವರಿಸಿದ ಲೆಕ್ಕಾಚಾರಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಯಂತ್ರಗಳ ಲೋಕದಲ್ಲಿ ಇದರ ಇನ್ನೊಂದು ಕಥೆ ಬಹಳ ಪ್ರಸಿದ್ಧ. 1990ರಲ್ಲಿ ಐಬಿಎಂ ಕಂಪನಿ ತನ್ನ ಲೇಸರ್ ಪ್ರಿಂಟರಿನ ಅಗ್ಗದ ಆವೃತ್ತಿ ತಂದಿತು. ದುಬಾರಿಯದು ನಿಮಿಷಕ್ಕೆ 10 ಪುಟ ಮುದ್ರಿಸುತ್ತಿತ್ತು, ಅಗ್ಗದ್ದು 5. ಅಗ್ಗದ್ದು ನಿಧಾನವಾಗಿ ಓಡಲು ಕಾರಣ ಕಳಪೆ ಬಿಡಿಭಾಗಗಳಲ್ಲ. ಒಳಗಿನ ಯಂತ್ರ ಹೆಚ್ಚು ಕಡಿಮೆ ಅದೇ. ನಡುನಡುವೆ ಸುಮ್ಮನೆ ಕಾಯುತ್ತಿರು ಎಂದು ಅದಕ್ಕೆ ಹೆಚ್ಚುವರಿಯಾಗಿ ಹೇಳಿಕೊಟ್ಟಿದ್ದರು! ಓಡುವ ಕುದುರೆಯ ಕಾಲು ಕಟ್ಟಿ ಕಡಿಮೆ ಬೆಲೆಗೆ ಮಾರಿದ ಹಾಗೆ.

ವಿಡಿಯೊ ಗೇಮಿನಲ್ಲೂ ನಿಂಟೆಂಡೊಗಿಂತ ಮುಂಚೆ ಇದನ್ನು ಮಾಡಿದವರಿದ್ದರು. 2005ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ‘ಎಕ್ಸ್‌ಬಾಕ್ಸ್ 360’ ಯಂತ್ರವನ್ನು ‘ಕೋರ್’ ಎಂದು 300 ಡಾಲರಿಗೂ ‘ಪ್ರೀಮಿಯಂ’ ಎಂದು 400 ಡಾಲರಿಗೂ ಮಾರಿತು. ಕೋರ್ ಪೆಟ್ಟಿಗೆಯಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಅಂದರೆ ಅಟ್ಟವೇ ಇಲ್ಲದ ಮನೆ! ಸಂಜೆಯೆಲ್ಲ ಆಡಿ ಹತ್ತು ಹಂತ ದಾಟಿ ಯಂತ್ರ ಆರಿಸಿದರೆ, ಮರುದಿನ ಮತ್ತೆ ಮೊದಲ ಹಂತದಿಂದ. ದಾಟಿದ ಹಂತ ನೆನಪಿರಬೇಕಾದರೆ 40 ಡಾಲರಿನ ಮೆಮೊರಿ ಕಾರ್ಡ್ ಬೇರೆ ಕೊಳ್ಳಬೇಕು. ಹಾರ್ಡ್ ಡಿಸ್ಕ್ ಬೇಕೆಂದರೆ 100 ಡಾಲರ್. ಪ್ರೀಮಿಯಂ ಪೆಟ್ಟಿಗೆಯವರಿಗೆ ಅದೇ 100 ಡಾಲರ್ ವ್ಯತ್ಯಾಸದಲ್ಲಿ ಹಾರ್ಡ್ ಡಿಸ್ಕ್ ಜೊತೆಗೆ ವೈರಿಲ್ಲದ ಕಂಟ್ರೋಲರ್, ಕಿವಿಗೆ ಹಾಕುವ ಹೆಡ್‌ಸೆಟ್ ಕೂಡ ಸಿಕ್ಕಿದ್ದವು. ಇದರಲ್ಲಿ ಪೆಟ್ಟು ಬಿದ್ದದ್ದು ಕೋರ್ ಕೊಂಡವರಿಗೆ ಮಾತ್ರವಲ್ಲ. ಹಾರ್ಡ್ ಡಿಸ್ಕ್ ಇಲ್ಲದ ಮನೆಗಳೂ ಇವೆಯಲ್ಲ ಎಂದು, ಆಟ ತಯಾರಿಸುವವರು ಅದಿಲ್ಲದೆಯೂ ನಡೆಯುವಂತೆಯೇ ತಮ್ಮ ಆಟಗಳನ್ನು ಮಾಡಬೇಕಾಯಿತು. ಎರಡು ವರ್ಷದೊಳಗೆ ಕೋರ್ ಹೋಗಿ, ಮೆಮೊರಿ ಕಾರ್ಡನ್ನು ಜೊತೆಗೇ ಕೊಡುವ ‘ಆರ್ಕೇಡ್’ ಎಂಬ ಪೆಟ್ಟಿಗೆ ಬಂತು.

ವೀ ಯು ಕಥೆಗೆ ಮರಳೋಣ. 2013ರ ಸೆಪ್ಟೆಂಬರ್ 20ರಂದು ಅಮೆರಿಕದಲ್ಲಿ ಕಪ್ಪು ಪೆಟ್ಟಿಗೆಯ ಬೆಲೆ 350ರಿಂದ 300 ಡಾಲರಿಗೆ ಇಳಿಯಿತು. ಬಿಳಿ ಪೆಟ್ಟಿಗೆ ಹೊರಬಂದಾಗ ಎಷ್ಟಿತ್ತೋ ಅಷ್ಟೇ! ಹತ್ತು ತಿಂಗಳ ಹಿಂದೆ 300 ಕೊಟ್ಟು ಬಿಳಿ ಪೆಟ್ಟಿಗೆ ಒಯ್ದಿದ್ದ ಮನೆಯವರು ಆ ದಿನ ಅಂಗಡಿಯ ಮುಂದೆ ಹಾದುಹೋಗಿದ್ದರೆ ಏನಂದುಕೊಂಡಿರಬೇಡ? ಹೆಚ್ಚು ದುಡ್ಡಿದ್ದವರಲ್ಲ ಅವರು. ಇದ್ದಷ್ಟರಲ್ಲಿ ಹೊಂದಿಸಿ ಮಗುವಿನ ಆಸೆ ತೀರಿಸಿದವರೇ ಅವರಲ್ಲಿ ಬಹಳ ಮಂದಿ ಇದ್ದಿರಬೇಕು.

ಆದರೂ ಬೆಲೆ ಇಳಿಸಿದ್ದು ಕಂಪನಿಯ ಕೈ ಹಿಡಿಯಲಿಲ್ಲ. 2014ರ ಮಾರ್ಚಿಗೆ ಮುಗಿಯುವ ವರ್ಷದಲ್ಲಿ 90 ಲಕ್ಷ ಯಂತ್ರ ಮಾರುತ್ತೇವೆ ಎಂದು ಹೇಳಿದ್ದ ನಿಂಟೆಂಡೊ, ಆ ವರ್ಷದ ಜನವರಿಯಲ್ಲಿ ಆ ಅಂದಾಜನ್ನು 28 ಲಕ್ಷಕ್ಕೆ ಇಳಿಸಿತು. ಆಗ ಕಂಪನಿಯ ಅಧ್ಯಕ್ಷರಾಗಿದ್ದವರು ಸಟೋರು ಇವಾಟಾ. ಸ್ವತಃ ಆಟಗಳ ಪ್ರೋಗ್ರಾಂ ಬರೆದು ಮೇಲೆ ಬಂದವರು. ಕೆಲಸಗಾರರ ಹೊಟ್ಟೆಯ ಮೇಲೆ ಹೊಡೆಯದೆ, ಅವರು ತಮ್ಮ ಸಂಬಳವನ್ನೇ ಐದು ತಿಂಗಳ ಕಾಲ ಅರ್ಧಕ್ಕೆ ಇಳಿಸಿಕೊಂಡರು. ಮಾರಿಯೊನನ್ನು ಸೃಷ್ಟಿಸಿದ ಶಿಗೆರು ಮಿಯಾಮೊಟೊ ಶೇಕಡ 30ರಷ್ಟು ಬಿಟ್ಟುಕೊಟ್ಟರು. ಕೊನೆಗೆ ವೀ ಯು ಮಾರಾಟವಾದದ್ದು ಸುಮಾರು 1 ಕೋಟಿ 36 ಲಕ್ಷ ಮಾತ್ರ. ಹಿಂದಿನ ವೀ ಮಾರಾಟದ ಏಳನೇ ಒಂದು ಪಾಲೂ ಅಲ್ಲ.

ಇದಕ್ಕೆಲ್ಲ ಎರಡು ಪೆಟ್ಟಿಗೆಯೇ ಕಾರಣ ಎಂದರೆ ತಪ್ಪಾಗುತ್ತದೆ. ಹೆಸರೇ ದೊಡ್ಡ ಗೊಂದಲ ಮಾಡಿತ್ತು: ‘ವೀ ಯು’ ಎಂದರೆ ಹಳೆಯ ವೀ ಯಂತ್ರಕ್ಕೆ ಸಿಕ್ಕಿಸುವ ಹೊಸ ಸಲಕರಣೆ ಇರಬೇಕು ಎಂದುಕೊಂಡವರು ಬಹಳ ಮಂದಿ. ಒಳ್ಳೆಯ ಆಟಗಳೂ ತಡವಾಗಿ ಬಂದವು. ಹೀಗೆ ಮೊದಲೇ ಕಂಗಾಲಾಗಿದ್ದ ಗಿರಾಕಿಯ ಮುಂದೆ ಬಿಳಿಯೋ ಕಪ್ಪೋ ಎಂಬ ಇನ್ನೊಂದು ಪ್ರಶ್ನೆ ಇಟ್ಟದ್ದು ಬೇಕಿರಲಿಲ್ಲ ಎಂದಷ್ಟೇ ನಾನು ಹೇಳುವುದು.

ಈಗ ನಮ್ಮ ಊರಿನ ಅಂಗಡಿಗಳಲ್ಲೇ ಸಿಗುವ ಯಂತ್ರದ ವಿಷಯ. ಸೋನಿ ಕಂಪನಿಯ ‘ಪ್ಲೇಸ್ಟೇಷನ್ 5’ 2021ರ ಫೆಬ್ರುವರಿ 2ರಂದು ಭಾರತಕ್ಕೆ ಬಂದಾಗ ಡಿಸ್ಕ್ ಹಾಕುವ ಯಂತ್ರಕ್ಕೆ 49,990 ರೂಪಾಯಿ, ‘ಡಿಜಿಟಲ್’ ಎಂಬ ಇನ್ನೊಂದಕ್ಕೆ 39,990 ರೂಪಾಯಿ ಬೆಲೆ ಇತ್ತು. ಮಿದುಳು, ಚಿತ್ರ, ವೇಗ ಎಲ್ಲ ಒಂದೇ. ಡಿಜಿಟಲ್ ಯಂತ್ರದಲ್ಲಿ ಡಿಸ್ಕ್ ತೂರಿಸುವ ಸೀಳು ಮಾತ್ರ ಇಲ್ಲ. ಆಟಗಳನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಸೋನಿಯ ಅಂಗಡಿಯಿಂದಲೇ ಕೊಂಡು ಇಳಿಸಿಕೊಳ್ಳಬೇಕು. ಹತ್ತು ಸಾವಿರ ಉಳಿಯಿತಲ್ಲ ಎನಿಸುತ್ತದೆ. ಆದರೆ ಆ ಸೀಳು ಬರೀ ಸೀಳಲ್ಲ. ಡಿಸ್ಕ್ ಇದ್ದರೆ ಗೆಳೆಯನಿಂದ ಎರವಲು ತರಬಹುದು. ಆಡಿ ಮುಗಿದದ್ದನ್ನು ಅರ್ಧ ಬೆಲೆಗೆ ಮಾರಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು. ಅಕ್ಕ ಆಡಿಬಿಟ್ಟದ್ದು ತಮ್ಮನಿಗೆ, ತಮ್ಮನದು ಪಕ್ಕದ ಮನೆಯ ಹುಡುಗಿಗೆ ಹೋಗಬಹುದು. ಶಾಲೆಯ ಪುಸ್ತಕಗಳು ಒಬ್ಬರಿಂದ ಒಬ್ಬರಿಗೆ ದಾಟುತ್ತ ಬರುತ್ತಿದ್ದ ಕಾಲವನ್ನು ಕಂಡ ಅಜ್ಜ ಅಜ್ಜಿಯರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಸೋನಿಯ ದೊಡ್ಡ ಆಟವೊಂದಕ್ಕೆ ಹೊಸದರಲ್ಲಿ 4,999 ರೂಪಾಯಿ ಇರುತ್ತಿತ್ತು. ವರ್ಷಕ್ಕೆ ನಾಲ್ಕು ಆಟ ಆಡುವ ಮಗುವಿಗೆ, ಎರಡನ್ನು ಎರವಲು ತಂದರೂ ಆ ಹತ್ತು ಸಾವಿರ ಒಂದೇ ವರ್ಷದಲ್ಲಿ ವಾಪಸ್ಸು.

ವೀ ಯು ಬಿಳಿ ಪೆಟ್ಟಿಗೆಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಬಿಳಿ ಪೆಟ್ಟಿಗೆಯವರು ಕಡಿಮೆಯಿದ್ದುದನ್ನು ನಿಧಾನವಾಗಿ ಒಂದೊಂದೇ ಕೊಂಡು ಸೇರಿಸಿಕೊಳ್ಳಬಹುದಿತ್ತು. 2020ರ ಮಾದರಿಯ ಡಿಜಿಟಲ್ ಪ್ಲೇಸ್ಟೇಷನ್ ಕೊಂಡವರು ಡಿಸ್ಕಿನ ಜಾಗವನ್ನು ಎಂದೂ ಸೇರಿಸಲಾರರು. 2023ರಲ್ಲಿ ಬಂದ ತೆಳು ಮಾದರಿಗೆ ಮಾತ್ರ ಬಿಡಿ ಡಿಸ್ಕ್ ಡ್ರೈವ್ ಜೋಡಿಸುವ ಅವಕಾಶ ಕೊಟ್ಟರು. ಅಮೆರಿಕದಲ್ಲಿ ಅದರ ಬೆಲೆಗಳು ಹೀಗಿದ್ದವು: ಡಿಜಿಟಲ್ 450 ಡಾಲರ್, ಡಿಸ್ಕ್ ಇರುವುದು 500, ಬಿಡಿ ಡ್ರೈವ್ 80. ಕೂಡಿ ನೋಡಿ! ಮರುವರ್ಷ ಬಂದ ‘ಪ್ರೊ’ ಎಂಬುದು ಎಲ್ಲಕ್ಕಿಂತ ದುಬಾರಿ, ಬಂದಾಗ ಅದರ ಬೆಲೆ 700 ಡಾಲರ್ ಇತ್ತು. ಅದರಲ್ಲೂ ಡಿಸ್ಕಿನ ಸೀಳು ಇಲ್ಲ. ರಾಜಭೋಜನಕ್ಕೆ ಕರೆದು ಬಾಳೆ ಎಲೆ ಮನೆಯಿಂದ ತನ್ನಿ ಎಂದ ಹಾಗಾಯಿತು.

ನಿಂಟೆಂಡೊ ಏನು ಮಾಡಿತು ಎಂದು ಕೇಳುವಿರಾ? ಇವಾಟಾ 2015ರ ಜುಲೈಯಲ್ಲಿ ತೀರಿಕೊಂಡರು. 2017ರ ಮಾರ್ಚ್ 3ರಂದು ಕಂಪನಿ ‘ಸ್ವಿಚ್’ ಎಂಬ ಹೊಸ ಯಂತ್ರ ತಂದಿತು. ಬೂದು ಬಣ್ಣದ ಕಂಟ್ರೋಲರ್ ಇರುವುದು ಒಂದು, ಕೆಂಪು ನೀಲಿ ಬಣ್ಣದ್ದು ಇನ್ನೊಂದು. ಆದರೆ ಎರಡರ ಬೆಲೆಯೂ 300 ಡಾಲರ್, ಎರಡರ ಒಳಗೂ ಅದೇ ಸಾಮಾನು. ಮಕ್ಕಳು ಆರಿಸಬೇಕಾದದ್ದು ಬಣ್ಣವನ್ನು ಮಾತ್ರ. ಅದು 15 ಕೋಟಿಗೂ ಹೆಚ್ಚು ಮಾರಾಟವಾಯಿತು. ಎರಡು ವರ್ಷದ ಬಳಿಕ ‘ಲೈಟ್’ ಎಂಬ 200 ಡಾಲರಿನ ತಮ್ಮನೂ ಬಂದ, ಟಿ.ವಿ.ಗೆ ಜೋಡಿಸಲಾಗದು, ಕೈಯಲ್ಲಿ ಹಿಡಿದೇ ಆಡಬೇಕು. ಕಂಪನಿ ಅದನ್ನು ಮುಚ್ಚಿಡಲಿಲ್ಲ. ಟಿ.ವಿ. ಬೇಡದ ಮಗುವಿಗೆ ಅದು ಒಳ್ಳೆಯ ಯಂತ್ರವೇ.

2025ರ ಜೂನ್ 5ರಂದು ‘ಸ್ವಿಚ್ 2’ ಬಂತು. ಆಗ ಅಮೆರಿಕದಲ್ಲಿ ಬರೀ ಯಂತ್ರಕ್ಕೆ 450 ಡಾಲರ್ ಇತ್ತು. ‘ಮಾರಿಯೊ ಕಾರ್ಟ್ ವರ್ಲ್ಡ್’ ಆಟ ಸೇರಿದ ಪೆಟ್ಟಿಗೆಗೆ 500. ಆ ಆಟ ಬಿಡಿಯಾಗಿ 80. ಅಜ್ಜ ಪೆನ್ಸಿಲ್ ಹುಡುಕುವಷ್ಟರಲ್ಲಿ ಮೊಮ್ಮಗಳು ಬಾಯಲ್ಲೇ ಲೆಕ್ಕ ಹಾಕಿ ಹೇಳಿರುತ್ತಾಳೆ.